ಬಿಟ್ಬಿಡು ಅಂದರೆ

ನಮ್ಮ ಯಜಮಾನಿ ಕನ್ನಡಕ ಮಾರುವವರು. ಆದ್ದರಿಂದಲೇ ಇರಬೇಕು, ಎಲ್ಲರ ಮೇಲೂ ಅವರಿಗೆ ಒಂದು ಕಣ್ಣು. ಬೇರೆ ಬೇರೆ ಬೀದಿಗಳಲ್ಲಿ ಅಂಗಡಿಗಳು, ಊರಾಚೆ ಒಂದು ಕಾರ್ಖಾನೆ. ಅಂಗಡಿಯಲ್ಲಿ ಗಿರಾಕಿಯ ಕಣ್ಣು ಪರೀಕ್ಷಿಸಿ ನಂಬರು ಒತ್ತಿದರೆ ಅದು ತಂತಿಯ ಮೇಲೆ ಓಡಿ ಕಾರ್ಖಾನೆಗೆ ಬರುತ್ತದೆ. ಇಲ್ಲಿನ ಯಂತ್ರ ಆ ನಂಬರಿಗೆ ತಕ್ಕಂತೆ ಗಾಜು ಉಜ್ಜುತ್ತದೆ. ನಡುವಿನ ಆ ಓಟ ಎಡವದಂತೆ ನೋಡಿಕೊಳ್ಳುವುದು ನನ್ನ ಹೊಸ ಕೆಲಸ. ನೆಟ್ಟಗೆ ವರ್ಕ್ ಆದರೆ ನೆಟ್‌ವರ್ಕ್. ಆಗದಿದ್ದರೆ ಬರೀ ನೆಟ್, ಒಳಗೆ ಒದ್ದಾಡುವ ಮೀನು ನಾನು.

ಕೆಲಸ ಕೊಡಿಸಿದ್ದು ಅಕ್ಕ. ಮೂಲೆ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ಅವಳೇ. ಕೆಲಸ ಕಲಿಸುತ್ತಿದ್ದವರು ಪಿಂಗಾಣಿ ಗುರುಗಳು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಕಾರ್ಖಾನೆ ಇಟ್ಟ ಹೆಸರು ಇದು. ಯಾವ ತೊಂದರೆ ಹೇಳಿದರೂ "ಮೊದಲು ಪಿಂಗ್ ಮಾಡಿ ನೋಡು" ಅನ್ನುತ್ತಿದ್ದರು. ಪಿಂಗ್ ಅಂದರೆ ಒಂದು ಯಂತ್ರ ಇನ್ನೊಂದನ್ನು "ಇದ್ದೀಯಾ?" ಅಂತ ಕೂಗುವುದು, ಅದು "ಇದ್ದೀನಿ" ಅಂದರೆ ದಾರಿ ಸರಿಯಿದೆ ಅಂತ ಅರ್ಥ. ಅದಕ್ಕೆ ತಕ್ಕ ಹಾಗೆ ಗುರುಗಳ ಮುಖವೂ ಪಿಂಗಾಣಿ ಬಟ್ಟಲು. ಒಳಗೆ ಬಿಸಿ ಇದೆಯೋ ತಣ್ಣಗಿದೆಯೋ ಹೊರಗಿನಿಂದ ತಿಳಿಯುತ್ತಿರಲಿಲ್ಲ.

"ರೂಟರ್ ಅಂದ್ರೆ ಬಾಗಿಲು ಕಾಯೋನು," ಅಂತ ಮೊದಲ ಪಾಠ ಗುರುಗಳ ಮೂಗಿನ ದನಿಯಲ್ಲೇ ಶುರುವಾಗಿತ್ತು. "ಪ್ರತಿ ಯಂತ್ರಕ್ಕೂ ಅಂಕಿಯ ಒಂದು ವಿಳಾಸ. ಗುರುತು ಇರೋ ವಿಳಾಸಕ್ಕೆ ಪರ್ಮಿಟ್ ಅಂತ ಒಂದು ಸಾಲು ಬರಿ, ಒಳಗೆ ಬರುತ್ತೆ. ಬೇಡದ್ದಕ್ಕೆ ಡಿನೈ ಅಂತ ಬರಿ, ಸದ್ದಿಲ್ಲದೆ ಆಚೆ ಹೋಗುತ್ತೆ. ಯಾವ ಸಾಲೂ ಇಲ್ಲದ ವಿಳಾಸ ಬಂದ್ರೆ ಬಾಗಿಲಲ್ಲೇ ನಿಲ್ಲಿಸಿ, ಯಾರೋ ತಟ್ತಾ ಇದ್ದಾರೆ ಅಂತ ಪರದೆ ಮೇಲೆ ನಮಗೆ ಹೇಳುತ್ತೆ. ಅರ್ಥ ಆಯ್ತಾ? ಆಗಿರಲ್ಲ."

"ಅಂದ್ರೆ ಯಾರನ್ನೂ ನಂಬದ ಯಂತ್ರ. ನಮ್ಮ ಯಜಮಾನಿನೂ ಒಂದು ರೂಟರ್ ಅನ್ನಿ."

"ರೂಟರ್ ಆದ್ರೂ ಕೆಲವರನ್ನ ನಂಬುತ್ತಪ್ಪಾ."

ಆ "ಅರ್ಥ ಆಯ್ತಾ? ಆಗಿರಲ್ಲ" ನನಗೆ ಒಂದೇ ದಿನದಲ್ಲಿ ಬಾಯಿಗೆ ಬಂತು. ಕಾಲೇಜಿನಲ್ಲಿ ನಾನು ಪಾಸಾದದ್ದಕ್ಕಿಂತ ಹೆಚ್ಚು ಪ್ರಸಿದ್ಧನಾದದ್ದು ಪ್ರಾಂಶುಪಾಲರ ದನಿಯಲ್ಲಿ ಮಾತಾಡಿ. ಇಲ್ಲಿ ಟೀ ಹೊತ್ತಿಗೆ ಗಾಜು ಉಜ್ಜುವವರ ಮುಂದೆ ಪಿಂಗಾಣಿ ಗುರುಗಳಾಗುತ್ತಿದ್ದೆ. ಗುರುಗಳೇ ಬಂದು ಕುಳಿತರೆ ಯಜಮಾನಿಯಾಗುತ್ತಿದ್ದೆ. ಅವರದು ಸುಲಭ: ಎದುರಿನವರು ಏನೇ ಹೇಳಲಿ, "ಹೌದಾ?" ಅನ್ನುತ್ತಾರೆ, ಒಂದು ಉಸಿರು ಬಿಟ್ಟು, ಕತ್ತರಿ ಹಾಕಿದಂತೆ, "ಹೌದಾ ಅಂತೀನಿ." ಕಾರ್ಖಾನೆಯ ಫೋನಿನಿಂದ ಗುರುಗಳಿಗೆ ಕರೆ ಮಾಡಿ ಈ ದನಿಯಲ್ಲಿ ಎರಡು ಸಲ ಹೆದರಿಸಿದ್ದೂ ಉಂಟು. ಇದು ಯಜಮಾನಿಯ ಕಿವಿಗೂ ಬಿದ್ದಿತ್ತು. ಅಂದಿನಿಂದ ನನ್ನ ಮುಂದೆ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದರು, ದನಿಯನ್ನೂ ಕದಿಯುತ್ತಾನೆ ಅನ್ನುವಂತೆ.

ಸೋಮವಾರ ಗುರುಗಳು ದೂರದ ಶಾಖೆಗೆ ಹೊರಟರು. ಬಸ್ಸಿನಿಂದ ಫೋನ್ ಬಂತು. ಹಿಂದೆ ಹಾರ್ನು, ಯಾರದೋ ಕೆಮ್ಮು, ನಡುವೆ ಮೂಗಿನ ದನಿ.

"ಪರದೆ ನೋಡಿದ್ಯಾ? ಒಂದು ಹೊಸ ವಿಳಾಸ ಬೆಳಗ್ಗೆಯಿಂದ ಬಾಗಿಲು ತಟ್ತಾ ಇರುತ್ತೆ. ಕೊನೇಲಿ ನಲವತ್ತೇಳು."

"ಹೌದು ಗುರುಗಳೇ, ಬಡೀತಾನೇ ಇದೆ. ಏನ್ ಮಾಡ್ಲಿ?"

"ಬಿಟ್ಬಿಡು."

"ಬಿಟ್ಬಿಡ್ಲಾ?"

"ಬಿಟ್ಬಿಡು ಅಂದ್ನಲ್ಲ. ಅರ್ಥ ಆಯ್ತಾ? ಆಗಿ..." ಅಲ್ಲಿಗೆ ಮಾತು ಕಡಿಯಿತು.

ನಾನು ಒಬ್ಬನೇ ಬರೆದ ಮೊದಲ ಸಾಲು ಅದು. ನಲವತ್ತೇಳಕ್ಕೆ ಡಿನೈ. ಬಡಿತ ನಿಂತು ಪರದೆ ಮಲಗಿದ ಮಗುವಿನಂತಾಯಿತು. ಮನೆಗೆ ಹೋಗಿ ಅಕ್ಕನ ಮುಂದೆ ಎದೆಯುಬ್ಬಿಸಿದೆ.

"ಇವತ್ತು ಒಬ್ಬ ಕಳ್ಳನ್ನ ಬಾಗಿಲಲ್ಲೇ ಅಟ್ಟಿದೆ ಕಣೇ."

"ನೀನು? ಮನೆಗೆ ಬೆಕ್ಕು ಬಂದ್ರೆ ಮಂಚ ಹತ್ತೋನು?"

"ಇದು ತಂತಿ ಮೇಲೆ ಬರೋ ಕಳ್ಳ."

"ಹಾಗಾದ್ರೆ ಅವನು ನಿನಗೆ ಹೆದರಿಲ್ಲ, ಶಾಕ್ ಹೊಡೆದಿರುತ್ತೆ," ಅಂದು ದೀಪ ಆರಿಸಿದಳು.

ಗುರುವಾರದ ಹೊತ್ತಿಗೆ ಕಾರ್ಖಾನೆಯಲ್ಲಿ ಪಿಸುಮಾತು ಎದ್ದಿತ್ತು. ಮೂಲೆ ಅಂಗಡಿಯಿಂದ ವಾರವಿಡೀ ಒಂದೂ ನಂಬರು ಬಂದಿಲ್ಲ. ಅದರ ಎದುರಿಗೇ ಬೇರೆಯವರ ಹೊಸ ಕನ್ನಡಕದಂಗಡಿ ಶುರುವಾಗಿದೆ. ಗಾಜು ಉಜ್ಜುವವನೊಬ್ಬ ನನ್ನ ಕಡೆ ನೋಡದೆ, ಆದರೆ ನನಗೆ ಕೇಳುವಂತೆ, "ಬೇಲಿನೇ ಎದ್ದು ಹೊಲ ಮೇಯ್ದ್ರೆ..." ಅಂದ. ಯಜಮಾನಿ ನನ್ನ ಮೇಜಿನ ಬಳಿ ಬಂದು ಬಾಯಿಗೆ ಕೈ ಅಡ್ಡ ಹಿಡಿದರು.

"ನಿಮ್ಮಕ್ಕ ಗಿರಾಕಿಗಳನ್ನ ರಸ್ತೆ ದಾಟಿಸ್ತಾ ಇದ್ದಾಳೆ ಅಂತ ಕೇಳ್ದೆ."

"ಅಕ್ಕ ದಿನಾ ನಂಬರು ಕಳಿಸ್ತಾ ಇದ್ದಾಳೆ ಮೇಡಂ. ಪರದೆ ಮೇಲೆ ‘ಕಳಿಸಲಾಗಿದೆ’ ಅಂತಾನೇ ಬರುತ್ತಂತೆ."

"ಹೌದಾ? ಹೌದಾ ಅಂತೀನಿ. ಸಂಜೆ ಅವಳನ್ನ ಕರೆಸಿದ್ದೀನಿ. ಕೆಲಸದಿಂದ ತೆಗೆಯೋಕೆ ಮುಂಚೆ ಒಂದ್ಸಲ ಕೇಳೋದು ನನ್ನ ಪದ್ಧತಿ."

ಮೂಲೆ ಅಂಗಡಿಯನ್ನು ಪಿಂಗ್ ಮಾಡಿದೆ. ಹಳೆಯ ವಿಳಾಸದಿಂದ ಉತ್ತರವಿಲ್ಲ. ಗುರುಗಳ ಫೋನ್ ವ್ಯಾಪ್ತಿಯ ಹೊರಗೆ. ಸೈಕಲ್ ಹತ್ತಿ ಅಂಗಡಿಗೇ ಹೋದೆ.

ಅಕ್ಕ ಒಬ್ಬ ಮುದುಕರಿಗೆ ಗೋಡೆಯ ಅಕ್ಷರ ತೋರಿಸುತ್ತಿದ್ದಳು. ಹಿಂದಿನ ಕೋಣೆಯಲ್ಲಿ ರೂಟರ್ ಹಸಿರು ದೀಪ ಮಿಟುಕಿಸುತ್ತ ನೆಮ್ಮದಿಯಾಗಿತ್ತು. ಹಳೆಯದು ಸುಟ್ಟುಹೋಗಿದ್ದರಿಂದ ಹಿಂದಿನ ಭಾನುವಾರ ಗುರುಗಳೇ ಬಂದು ಹೊಸದನ್ನು ಕೂರಿಸಿದ್ದರಂತೆ. ನನಗೆ ಇದು ಹೊಸ ಸುದ್ದಿ. ದಾರಿಯ ಜಾಡು ಹಿಡಿದೆ, ಅಂದರೆ ಇಲ್ಲಿಂದ ಹೊರಟದ್ದು ಎಲ್ಲೆಲ್ಲಿ ಹಾದು ಎಲ್ಲಿ ಸಾಯುತ್ತದೆ ಅಂತ ಕೇಳಿದೆ. ಬೀದಿ ದಾಟಿತು, ಊರು ದಾಟಿತು, ಸತ್ತದ್ದು ನಮ್ಮದೇ ಕಾರ್ಖಾನೆಯ ಹೊಸಿಲಲ್ಲಿ. ಹೊಸ ರೂಟರನ್ನು ತಿರುಗಿಸಿ ಬೆನ್ನಿನ ಚೀಟಿ ಓದಿದೆ. ವಿಳಾಸದ ಕೊನೆಯಲ್ಲಿ ನಲವತ್ತೇಳು.

ನಾನು ಅಟ್ಟಿದ ಕಳ್ಳ ಅಕ್ಕನ ಕೋಣೆಯಲ್ಲಿ ಕೂತಿದ್ದ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಯಜಮಾನಿಯ ಕಾಮಾಲೆ ನನಗೂ ಅಂಟಿತ್ತೋ ಏನೋ. ಬಾಗಿಲ ಸಂದಿಯಿಂದ ಅಕ್ಕನನ್ನು ನೋಡಿದೆ. ಸೋಮವಾರ ಬೆಳಗ್ಗೆಯಿಂದ ಆ ಪಾಟಿ ಬಾಗಿಲು ಬಡಿದದ್ದು ಯಾಕೆ? ನಂಬರು ಕಳಿಸಲಿಕ್ಕೋ, ಕಾರ್ಖಾನೆಯಿಂದ ಏನಾದರೂ ಎಳೆದುಕೊಳ್ಳಲಿಕ್ಕೋ? ಎದುರಂಗಡಿಯವನು ಗಾಜಿನಾಚೆಯಿಂದ ಅವಳಿಗೆ ಕೈ ಬೀಸಿದ. ಅವಳೂ ಬೀಸಿದಳು. ಆಮೇಲೆ ತಿರುಗಿದವಳ ಕಣ್ಣು ಸಂದಿಯಲ್ಲಿದ್ದ ನನ್ನ ಕಣ್ಣಿಗೆ ಸಿಕ್ಕಿತು.

"ಏನೋ ಹಾಗೆ ನೋಡ್ತೀಯ? ನಾನೇನು ಗೋಡೆ ಮೇಲಿನ ಅಕ್ಷರಾನಾ?"

"ಏನಿಲ್ಲ. ನಡಿ, ಯಜಮಾನಿ ಕಾಯ್ತಿದ್ದಾರೆ."

ದಾರಿಯಲ್ಲಿ ಅನುಮಾನ ಸೈಕಲ್ಲಿಗಿಂತ ಜೋರಾಗಿ ಓಡಿತು. ಅಕ್ಕನಲ್ಲ. ಪಿಂಗಾಣಿ! ಹೊಸ ರೂಟರ್ ಕೂರಿಸಿದವರು ಅವರೇ, ನಲವತ್ತೇಳನ್ನು ಬಿಟ್ಟುಬಿಡು ಅಂದವರೂ ಅವರೇ. ನನ್ನ ಜಾಗಕ್ಕೆ ತಮ್ಮ ಅಳಿಯನನ್ನು ತರಬೇಕು ಅಂತಿದ್ದರಂತೆ. ನನ್ನ ಕೈಯಿಂದಲೇ ನನ್ನಕ್ಕನ ಕತ್ತು ಹಿಸುಕಿಸಿ, ಆಮೇಲೆ ಇಬ್ಬರನ್ನೂ ಒಂದೇ ಚೀಲದಲ್ಲಿ ಕಟ್ಟಿ ಎಸೆಯುವ ಹಂಚಿಕೆ. ಆ ಮುಖದಲ್ಲಿ ಏನಾದರೂ ಕಾಣಿಸುತ್ತಿದ್ದರೆ ತಾನೇ ಮೊದಲೇ ಗೊತ್ತಾಗೋದು! ಆ ಡಿನೈ ಸಾಲನ್ನು ಮುಟ್ಟಬಾರದು, ಸಾಕ್ಷಿ ಅದೇ ಅಂದುಕೊಂಡೆ.

ಕಾರ್ಖಾನೆಯಲ್ಲಿ ಯಜಮಾನಿ ಗಾಜು ತೊಳೆಯುವ ಕೋಣೆಯಲ್ಲಿ ನಿಂತಿದ್ದರು. ಯಂತ್ರದ ಪರದೆಯೂ ನನ್ನ ಕಂಪ್ಯೂಟರೂ ಎರಡೂ ಅಲ್ಲಿಂದ ಕಾಣುತ್ತವೆ.

"ಎದುರಂಗಡಿಯವನು ಎಷ್ಟು ಕೊಡ್ತಾನೆ?" ಅಂದರು, ಪೀಠಿಕೆಯಿಲ್ಲದೆ.

ಅಕ್ಕನ ಮುಖ ಕೆಂಪಾಯಿತು. "ಕೆಲಸ ಬಿಡು ಅಂದ್ರೆ ಬಿಡ್ತೀನಿ ಮೇಡಂ. ಮೊದಲು ನನ್ನನ್ನ ಮಾತಾಡೋಕೆ ಬಿಡಿ."

ಒಂದೇ ಉಸಿರಿನಲ್ಲಿ ಮೂರು ಬಿಡು. ನನ್ನ ತಲೆಯೊಳಗೆ ಗಂಟೆ ಬಾರಿಸಿದಂತಾಯಿತು. ಕೆಲಸ ಬಿಡುವುದು ಅಂದರೆ ತೊರೆಯುವುದು. ಮಾತಾಡೋಕೆ ಬಿಡುವುದು ಅಂದರೆ ಅವಕಾಶ ಕೊಡುವುದು. ರೂಟರಿನ ಭಾಷೆಯಲ್ಲಿ ಪರ್ಮಿಟ್ ಬೇರೆ, ಡಿನೈ ಬೇರೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಬಿಡು. ಗುರುಗಳು ಒಳಗೆ ಬಿಡು ಅಂದಿದ್ದರು. ನಾನು ಕೈಬಿಟ್ಟಿದ್ದೆ.

"ಮೇಡಂ, ಸಿಕ್ತು!" ಅಂತ ಕೂಗಿ ಬಸ್ಸು, ಹಾರ್ನು, ನಲವತ್ತೇಳು, ಬಿಟ್ಬಿಡು, ಎಲ್ಲ ಒದರಿದೆ. ಪರದೆಯಲ್ಲಿ ಆ ಸಾಲನ್ನೂ ತೋರಿಸಿದೆ.

ಯಜಮಾನಿ ಪೂರ್ತಿ ಕೇಳಿದರು. ಬಾಯಿಗೆ ಅಡ್ಡ ಹಿಡಿದ ಕೈ ತೆಗೆದರು.

"ಹೌದಾ? ಹೌದಾ ಅಂತೀನಿ. ಟೀ ಹೊತ್ತಲ್ಲಿ ನೀನು ಹೇಳೋ ಜೋಕು ಇದಕ್ಕಿಂತ ಚೆನ್ನಾಗಿರುತ್ತೆ. ಈ ಸಾಲು ನೀನು ಸೋಮವಾರವೇ ಬರೆದದ್ದು, ಅಕ್ಕನ್ನ ಉಳಿಸೋಕೆ ಈಗ ಬರೆದದ್ದಲ್ಲ ಅನ್ನೋಕೆ ಏನು ಗ್ಯಾರಂಟಿ?"

"ಸಾಲು ತೆಗೆದ್ರೆ ಅಕ್ಕನ ನಂಬರುಗಳೆಲ್ಲ ಬರುತ್ತೆ ಮೇಡಂ!"

"ಬರುತ್ತೆ, ಬರುತ್ತೆ. ದಾರಿಯಲ್ಲಿ ಬರ್ತಾ ಇಬ್ಬರೂ ಕೂತು ತುಂಬಿಸಿರ್ತೀರಿ."

"ಸೈಕಲ್ ಮೇಲೆ ಕೂತು ತುಂಬಿಸೋದು ಕಷ್ಟ ಮೇಡಂ," ಅಂದಳು ಅಕ್ಕ.

"ಗುರುಗಳನ್ನೇ ಕೇಳಿ," ಅಂದೆ.

ಯಜಮಾನಿ ಕಾರ್ಖಾನೆಯ ಫೋನ್ ತೆಗೆದರು. ತಕ್ಷಣ ನಿಂತು ನನ್ನ ಬಾಯಿಯನ್ನೇ ನೋಡಿದರು. "ಆ ಕಡೆಯಿಂದ ಮಾತಾಡೋದು ಅವರೇ ಅಂತ ನನಗೆ ಹೇಗೆ ಗೊತ್ತಾಗಬೇಕು? ನೀನು ಹಲ್ಲು ಕಚ್ಚಿಕೊಂಡೇ ಅವರ ದನಿ ತೆಗೀತೀಯಂತೆ."

ತೊಟ್ಟಿಯ ಪಕ್ಕದ ಲೋಟಕ್ಕೆ ಕುಡಿಯುವ ನೀರು ತುಂಬಿ ನನ್ನ ಕೈಗೆ ಕೊಟ್ಟರು. "ಬಾಯಿ ತುಂಬ ತಗೋ. ನುಂಗಬೇಡ. ನಾನು ಹೇಳೋವರೆಗೂ ಉಗುಳಬೇಡ."

ಹೀಗೆ ಬಾಯಿಗೊಂದು ಅಣೆಕಟ್ಟು ಕಟ್ಟಿಕೊಂಡು, ಕೆನ್ನೆ ಉಬ್ಬಿಸಿಕೊಂಡು ನಿಂತೆ. ಅಕ್ಕನ ಕೆಲಸ ಈಗ ಪಿಂಗಾಣಿಯ ನಾಲಿಗೆಯ ಮೇಲಿತ್ತು. ಆ ನಾಲಿಗೆಯನ್ನು ಅರ್ಧ ಗಂಟೆಯ ಹಿಂದೆ ನಾನೇ ವಿಷದ ನಾಲಿಗೆ ಅಂದುಕೊಂಡಿದ್ದೆ.

ಈ ಸಲ ಫೋನ್ ಹೋಯಿತು. ಸ್ಪೀಕರಿನಲ್ಲಿ ಮೂಗಿನ ದನಿ: "ಹಲೋ?"

"ಸೋಮವಾರ ಹುಡುಗನಿಗೆ ಫೋನಲ್ಲಿ ಏನು ಹೇಳಿದ್ರಿ?" ಅಂದರು ಯಜಮಾನಿ.

ಆ ಕಡೆಯಿಂದ ನಗು.

"ಲೋ, ಸಾಕು ನಿಲ್ಲಿಸೋ. ಮೂರನೇ ಸಲ ಮೋಸ ಹೋಗೋಕೆ ನಾನೇನು ದಡ್ಡನಾ?"

ನನ್ನ ಕಣ್ಣು ಅಗಲವಾಯಿತು. ನಾನೇ ಯಜಮಾನಿಯ ದನಿ ಮಾಡುತ್ತಿದ್ದೇನೆ ಅಂದುಕೊಂಡಿದ್ದಾರೆ! ಅಲ್ಲ ಅಲ್ಲ ಅಂತ ಕೈಯಾಡಿಸಿದೆ. ಫೋನಿಗೆ ಕಣ್ಣಿಲ್ಲ. ಯಜಮಾನಿ ನನ್ನ ಮಣಿಕಟ್ಟು ಹಿಡಿದರು.

"ನಾನು ಕೇಳಿದ್ದಕ್ಕೆ ಉತ್ತರ ಕೊಡಿ."

"ಆಹಾ, ಠೀವಿ ಮಾತ್ರ ಥೇಟ್ ಅವಳದೇ. ಆ ವಿಳಾಸ ಬಿಟ್ಬಿಡು ಅಂದೆ. ಒಳಗೆ ಬಿಟ್ಯೋ ಇಲ್ವೋ? ನಿಮ್ಮಕ್ಕನ ಅಂಗಡಿ ಕಣೋ ಅದು. ಬಸ್ಸಲ್ಲಿ ಪೂರ್ತಿ ಹೇಳೋಕಾಗಲಿಲ್ಲ, ಇಲ್ಲಿ ಸಿಗ್ನಲ್ ಇರಲಿಲ್ಲ. ಬಿಟ್ಟಿಲ್ಲ ಅಂದ್ರೆ ಈಗಲೇ ಬಿಡು. ಇಲ್ಲಾಂದ್ರೆ ಆ ಅನುಮಾನದ ಮೂಟೆ ನಿಮ್ಮಕ್ಕನ ತಲೆ ಮೇಲೆ ಬಂದು ಕೂರುತ್ತೆ. ತನ್ನ ನೆರಳು ಹಿಂದೆ ಬಂದ್ರೂ ‘ನಿನ್ನ ಯಾರು ಕಳಿಸಿದ್ದು’ ಅಂತ ಕೇಳೋ ಹೆಂಗಸು ಅದು. ಅರ್ಥ ಆಯ್ತಾ? ಆಗಿರಲ್ಲ."

ಅಕ್ಕ ಗೋಡೆಯ ಕಡೆ ತಿರುಗಿದಳು. ಅವಳ ಭುಜ ನಡುಗುತ್ತಿತ್ತು, ಅಳುವಿಗಲ್ಲ. ನನ್ನ ಮೂಗಿನಿಂದ ಎರಡು ಹನಿ ಇಳಿಯಿತು.

ಯಜಮಾನಿ ಬಹಳ ಮೆಲ್ಲಗೆ, "ಹೌದಾ?" ಅಂದರು.

"ನೋಡು, ಎರಡನೇ ‘ಹೌದಾ’ ಹೇಳೋದು ನೀನು ಮರೆತೆ. ಅಲ್ಲೇ ಸಿಕ್ಕಿಬಿದ್ದೆ ಮಗನೆ!"

"ಹೌದಾ ಅಂತೀನಿ," ಅಂದರು ಯಜಮಾನಿ. ಆ ಕತ್ತರಿ ಸದ್ದಿಗೆ ಆ ಕಡೆಯ ನಗು ಅರ್ಧಕ್ಕೆ ತುಂಡಾಯಿತು. ಪಿಂಗಾಣಿಯ ಮುಖ ಮೊದಲ ಸಲ ಬಣ್ಣ ಬದಲಿಸಿದ್ದನ್ನು ನೋಡುವ ಭಾಗ್ಯ ನಮಗಿರಲಿಲ್ಲ. ಯಜಮಾನಿ ಫೋನ್ ಕೆಳಗಿಟ್ಟರು.

"ನೀವಿಬ್ಬರೂ ಅವರಿಗೆ ಹೇಳಿಕೊಟ್ಟಿದ್ದಿದ್ರೆ," ಅಂದರು, ಯಾರಿಗೂ ಅಲ್ಲದಂತೆ, "ನನ್ನನ್ನ ಹೊಗಳಿಸ್ತಿದ್ರಿ."

ಆಮೇಲೆ ನನಗೆ: "ಸಾಲು ತಿದ್ದು. ಉಗುಳು ಅಂತ ನಾನಿನ್ನೂ ಹೇಳಿಲ್ಲ."

ಬಾಯಲ್ಲಿ ನೀರಿಟ್ಟುಕೊಂಡೇ ಕುಳಿತು ಡಿನೈ ಅಳಿಸಿದೆ, ಪರ್ಮಿಟ್ ಬರೆದೆ. ಅವರು ಹಿಂದೆ ನಿಂತು ಒಂದೊಂದೇ ಅಕ್ಷರ ಓದಿದರು, ಅಕ್ಷರಗಳೂ ನನ್ನ ಕಡೆಯವೇ ಅನ್ನುವಂತೆ. ಕೊನೆಯ ಕೀಲಿ ಒತ್ತಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಯಂತ್ರದ ಪರದೆಯ ಮೇಲೆ ಮೂಲೆ ಅಂಗಡಿಯ ನಂಬರುಗಳು ಒಂದರ ಹಿಂದೊಂದು ನುಗ್ಗಿದವು, ಸೋಮವಾರದವು ಮೊದಲು. ಉಜ್ಜುವ ಚಕ್ರ ಗುರ್ರೆಂದು ತಿರುಗಿತು.

ಯಜಮಾನಿ ಅಕ್ಕನಿಗೆ ಕ್ಷಮಿಸು ಅನ್ನಲಿಲ್ಲ. "ನಾಳೆ ಅಂಗಡಿ ಬೇಗ ತೆಗಿ. ಎದುರಂಗಡಿಯವನು ಬೇಗ ತೆಗೀತಾನಂತೆ," ಅಂದು ಬಾಗಿಲವರೆಗೆ ಹೋಗಿ, ತಿರುಗಿ ನನ್ನ ಕೆನ್ನೆಗಳನ್ನು ನೋಡಿ, "ಹಾಂ, ಈಗ ಉಗುಳಬಹುದು," ಅಂದು ಹೊರಟುಹೋದರು.

ಅಕ್ಕ ನನ್ನ ಹತ್ತಿರ ಬಂದಳು. ನಗು ಇನ್ನೂ ತುಟಿಯ ಮೇಲೆ ಉಳಿದಿತ್ತು, ಕಣ್ಣಲ್ಲಿ ಮಾತ್ರ ಇರಲಿಲ್ಲ.

"ಅಂಗಡೀಲಿ ಬಾಗಿಲ ಸಂದಿಯಿಂದ ನನ್ನ ನೋಡ್ತಿದ್ಯಲ್ಲ," ಅಂದಳು. "ನಿನಗೂ ನನ್ನ ಮೇಲೆ ಅನುಮಾನ ಬಂದಿತ್ತೇನೋ?"

ಗಾಜು ತೊಳೆಯುವ ತೊಟ್ಟಿ ಕೈಯಳತೆಯಲ್ಲೇ ಇತ್ತು. ನಾನು ಕೆನ್ನೆ ಉಬ್ಬಿಸಿಕೊಂಡೇ ನಿಂತಿದ್ದೆ.