ಮರಿಯ ಕೆಳಗೆ ಹಾಸಿದ ಪತ್ರಿಕೆ

ನಮ್ಮ ಕೇರಿಗೆ ಬರುತ್ತಿದ್ದ ಹಳೆಯ ಪತ್ರಿಕೆಗಳನ್ನು ಆ ಮನೆಯವರು ನಾಯಿಮರಿಯ ಕೆಳಗೆ ಹಾಸಿದರು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಒಂದೊಂದು ಕಲ್ಲು ಇಟ್ಟರು. ಆ ಕಲ್ಲುಗಳನ್ನು ಹಿತ್ತಲಿನಲ್ಲಿ ಆರಿಸಿ, ತೊಳೆದು, ತಂದುಕೊಟ್ಟವಳು ನಾನೇ.

ಆಗ ನನಗೆ ಇಪ್ಪತ್ತೆರಡು. ವೈಜಯಂತಮ್ಮನವರ ಮನೆಯಲ್ಲಿ ಕಸ, ನೆಲ, ಪಾತ್ರೆಯ ಕೆಲಸಕ್ಕಿದ್ದೆ. ಹಿತ್ತಲ ಬಾಗಿಲಿನಿಂದ ಬರಬೇಕು. ಅಡುಗೆಮನೆಯ ಹೊಸ್ತಿಲು ದಾಟಬಾರದು. ನಡುಮನೆಯ ನೆಲವನ್ನು ಒರೆಸಬಹುದು, ಅದರ ಮೇಲೆ ಕೂರುವಂತಿಲ್ಲ. ಇದನ್ನೆಲ್ಲ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲ ದಿನ ಹೋದಾಗಲೇ ಹಿತ್ತಲ ಗೋಡೆಯ ಗೂಡಿನಲ್ಲಿ ನನಗೆಂದೇ ಒಂದು ಲೋಟ ಕಾದು ಕೂತಿತ್ತು, ಅಷ್ಟೆ.

ಆದರೂ ನಾನು ಆ ಮನೆಯನ್ನು ಬಿಡದಿದ್ದುದು ಪತ್ರಿಕೆಗಳಿಗಾಗಿ. ಶನಿವಾರ ಬಂತೆಂದರೆ ವಾರವಿಡೀ ಓದಿ ಮುಗಿಸಿದ ಪತ್ರಿಕೆಗಳ ಕಟ್ಟು ಅದೇ ಗೂಡಿನ ಮೇಲೆ ಇರುತ್ತಿತ್ತು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದರೆ, ಭಾನುವಾರ ಮಧ್ಯಾಹ್ನ ಹೊಂಬಾಳಯ್ಯನವರ ಜಗಲಿಯಲ್ಲಿ ಓದು. ಊರಿಗೆಲ್ಲ ಹಳಸಿದ ಸುದ್ದಿ ನಮ್ಮ ಕೇರಿಯಲ್ಲಿ ಅವತ್ತು ಬಿಸಿಯಾಗಿರುತ್ತಿತ್ತು.

ಹೊಂಬಾಳಯ್ಯ ಚಪ್ಪಲಿ ಹೊಲಿಯುತ್ತಿದ್ದ ಮುದುಕರು. ಆ ಓದಿನ ಕೂಟವನ್ನು ಕಟ್ಟಿದವರು, ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವರು ಅವರೇ. ಕಣ್ಣಿಗೆ ಪೊರೆ ಬಂದ ಮೇಲೆ ಓದುವ ಕೆಲಸ ನನಗೆ ಬಂತು. ಪತ್ರಿಕೆಯನ್ನು ಜಗಲಿಯ ಮೇಲೆ ಹಾಸಿ ಒಂದು ಮೂಲೆಗೆ ಸುತ್ತಿಗೆ, ಒಂದಕ್ಕೆ ಉಳಿ, ಒಂದಕ್ಕೆ ಮೇಣದುಂಡೆ, ಇನ್ನೊಂದಕ್ಕೆ ಮರದ ಪಾದದಚ್ಚು ಇಟ್ಟು, “ಹೂಂ, ಶುರು ಮಾಡವ್ವ” ಅನ್ನುತ್ತಿದ್ದರು. ಅವರದು ಒಂದು ಕಟ್ಟುಪಾಡಿತ್ತು. ಓದು ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ಪ್ರಶ್ನೆ ಕೇಳಲೇಬೇಕು, ಕೇಳದವರಿಗೆ ಟೀ ಇಲ್ಲ. ಟೀಯ ಆಸೆಗೆ ನಾವು ಪ್ರಶ್ನೆ ಕೇಳುವುದನ್ನು ಕಲಿತೆವು. ಕಲಿತ ಮೇಲೆ ಟೀ ಇಲ್ಲದಿದ್ದರೂ ಕೇಳಿದೆವು.

ಆ ದಿನಗಳಲ್ಲಿ ಭಾನುವಾರದ ಪುರವಣಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಒಬ್ಬ ಹೆಂಗಸಿನ ಜಾಗವನ್ನು ಯಾರೋ ಕಿತ್ತುಕೊಂಡಿದ್ದಾರೆ, ಅವಳು ದೊಡ್ಡ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂತಿದ್ದಾಳೆ. ವಾರಗಟ್ಟಲೆ ಕೂತೇ ಇದ್ದಾಳೆ. ನಾವು ಕೊನೆಯದಾಗಿ ಓದಿದ ಕಂತಿನಲ್ಲಿ ದೊಡ್ಡ ಸಾಹೇಬರೇ ಕೆಳಗಿಳಿದು ಬಂದು “ಎದ್ದು ಹೋಗು” ಎಂದಿದ್ದರು. ಅಲ್ಲಿಗೆ ನಿಂತಿತ್ತು.

“ಎದ್ದಳಾ?” ಎಂದು ಸಣ್ಣತಾಯಿ ಕೇಳಿದ್ದಳು. ಸಣ್ಣತಾಯಿ ನಮ್ಮ ಪಕ್ಕದ ಮನೆಯವಳು, ಸಂತೆಬೀದಿಯಲ್ಲಿ ಕೋಳಿ ಅಂಗಡಿ ಇಟ್ಟಿದ್ದಳು.

“ಮುಂದಿನ ವಾರ.”

“ಥೂ, ಇವರ ಮನೆ ಹಾಳಾಗ! ಒಂದು ವಾರ ನಾನು ನಿದ್ದೆ ಮಾಡೋದು ಹೆಂಗೆ?”

ಆ ವಾರವೇ ಮರಿ ಬಂತು.

ಪುಟ್ಟ ಬೆತ್ತದ ಬುಟ್ಟಿಯಲ್ಲಿ, ಮುಂಬಾಗಿಲಿನಿಂದಲೇ ಬಂತು. ಪಮೇರಿಯನ್. ನನ್ನ ಎರಡು ಅಂಗೈ ಜೋಡಿಸಿದರೆ ಹಿಡಿಸುವಷ್ಟು. “ಜಾತಿ ನಾಯಿ ಕಣೇ, ಹುಷಾರಾಗಿ ಓಡಾಡು, ತುಳಿದೀಯ” ಎಂದರು ವೈಜಯಂತಮ್ಮ. ಹೆಸರು ಪ್ರಿನ್ಸ್ ಎಂದಾಯಿತು. ಅವರ ಅತ್ತೆ, ಮನೆಯವರೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದವರು, ತಮ್ಮ ಕೈಯಾರೆ ಹಸುವಿನ ಹಾಲು ಕಾಯಿಸಿ ಬೆಳ್ಳಿಯ ಬಟ್ಟಲಿಗೆ ಸುರಿದರು. ದೇವರ ಪಾಯಸವೂ ಆ ಬಟ್ಟಲಿಗೆ ಬಿತ್ತು. ತುಪ್ಪದ ಅನ್ನವೂ ಬಿತ್ತು. ಸಂಜೆಯ ಹೊತ್ತಿಗೆ ಮರಿಗೆ ಭೇದಿ ಶುರುವಾಯಿತು. “ದೃಷ್ಟಿಯಾಗಿದೆ” ಎಂದು ನಿವಾಳಿಸಿ, ಹೊಟ್ಟೆ ತಣ್ಣಗಾಗಲೆಂದು ಇನ್ನೊಂದು ಲೋಟ ಹಾಲು ಕುಡಿಸಿದರು.

ಶನಿವಾರ ಗೂಡಿನ ಮೇಲೆ ಕಟ್ಟು ಇರಲಿಲ್ಲ.

“ಪ್ರಿನ್ಸ್‌ಗೆ ಬೇಕಲ್ಲೇ” ಎಂದರು ವೈಜಯಂತಮ್ಮ. ಕೆಟ್ಟ ದನಿಯಲ್ಲೇನೂ ಹೇಳಲಿಲ್ಲ. “ಅವನು ಹೊರಗಡೆ ಹೋಗೋದು ಕಲಿತ ದಿನ ಪೇಪರೆಲ್ಲ ಮತ್ತೆ ನಿಂದೇ. ಆಯ್ತಾ?”

ಸೋಮವಾರ ನಡುಮನೆಯಲ್ಲಿ ಮಂಡಿಯೂರಿ ಹೊಲಸಾದ ಹಾಳೆಗಳನ್ನು ಎತ್ತುತ್ತಿದ್ದೆ. ಕೆಳಗಿನ ಹಾಳೆ ಪುರವಣಿಯದು. ಕತೆಯ ಹೆಸರು ಕಂಡಿತು. ಚಿತ್ರದಲ್ಲಿ ಮೆಟ್ಟಿಲು ಕಂಡಿತು. ‘ಅವಳು ಸೆರಗಿನಿಂದ ಬೆವರು ಒರೆಸಿಕೊಂಡು’ ಎಂಬಲ್ಲಿಯವರೆಗೆ ಓದಿದೆ. ಮುಂದಿನದು ತೊಯ್ದು, ಹಿಂಬದಿಯ ಅಕ್ಷರ ಮುಂದಕ್ಕೆ ಮೂಡಿ, ಒಂದಕ್ಕೊಂದು ಕಲಸಿಹೋಗಿತ್ತು.

ಮುಂದಿನ ಭಾನುವಾರ ಜಗಲಿಯಲ್ಲಿ ಅಷ್ಟನ್ನೇ ಹೇಳಿದೆ.

“ಒರೆಸ್ಕೊಂಡು?” ಎಂದರು ಹೊಂಬಾಳಯ್ಯ.

“ಅಲ್ಲಿ ಮರಿ ಉಚ್ಚೆ ಹುಯ್ದಿತ್ತು, ತಾತ.”

ಎಲ್ಲರೂ ನಕ್ಕರು. ಸಣ್ಣತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಂಬಾಳಯ್ಯ ನಗಲಿಲ್ಲ. ಏನೂ ಇಲ್ಲದ ಜಗಲಿಯ ಮೇಲೆ ಅವರ ಕೈ ಸುತ್ತಿಗೆಯನ್ನು, ಉಳಿಯನ್ನು ತಡವಿ ತಡವಿ ಮೂಲೆಗಳಿಗೆ ಇಡುತ್ತಿತ್ತು. ಆ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಆ ಕತೆಯ ಕೊನೆ ನನಗೆ ಈಗಲೂ ಗೊತ್ತಿಲ್ಲ. ನಾನೇ ಬರೆಯಲು ತೊಡಗಿದ ಮೇಲೆ ಎಷ್ಟೋ ಊರುಗಳ ಗ್ರಂಥಾಲಯಗಳಲ್ಲಿ ಹಳೆಯ ಪುರವಣಿಗಳನ್ನು ಕೆದಕಿದೆ. ಸಿಕ್ಕಲಿಲ್ಲ. ಹೊಂಬಾಳಯ್ಯನವರಿಗೂ ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ, ಕೊನೆಗೆ, ನನ್ನ ದನಿ ಕೇಳಿದೊಡನೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಪುರವಣಿ ಸಿಕ್ತಾ?”

ಮರಿಯನ್ನು ನಾನು ಮೊದಲು ದ್ವೇಷಿಸಿದೆ ಎಂದು ಒಪ್ಪಿಕೊಳ್ಳಬೇಕು. ಅದು ಸತ್ತರೆ ಪತ್ರಿಕೆ ನನಗೆ ಬರುತ್ತದೆ ಎಂದು ಲೆಕ್ಕ ಹಾಕಿದವಳು ನಾನು. ಆದರೆ ಎರಡನೆಯ ವಾರ ವೈಜಯಂತಮ್ಮ, ಯಾರೋ ಹೇಳಿದರೆಂದು, ಅದರ ಮೂತಿಯನ್ನು ಅದರದೇ ಹೊಲಸಿಗೆ ಒತ್ತಿ ತಿಕ್ಕುವುದನ್ನು ಕಂಡೆ. ಮರಿ ಚೀರಲಿಲ್ಲ. ಚೀರುವಷ್ಟು ತ್ರಾಣ ಇರಲಿಲ್ಲ. ಬಾಲ ಒಳಕ್ಕೆಳೆದುಕೊಂಡು ನನ್ನ ಕಡೆ ನೋಡಿತು.

“ಬಿಡಿ ಅಮ್ಮಾವ್ರೇ” ಎಂದೆ. “ಅದಕ್ಕೆ ಮೂತಿ ಉರಿಯೋದು ಗೊತ್ತಾಗುತ್ತೆ ಹೊರತು ಯಾಕೆ ಅನ್ನೋದು ಗೊತ್ತಾಗಲ್ಲ.”

ಅವತ್ತೇ ಡಾಕ್ಟರು ಬಂದರು. ಅದರ ಹೊಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. “ಹಾಲು ಇವತ್ತೇ ನಿಲ್ಲಿಸಿ. ಹುಳದ ಔಷಧಿ ಕೊಟ್ಟಿದ್ದೀನಿ. ಮೆತ್ತಗೆ ಬೆಂದ ಅನ್ನ, ಬೇಯಿಸಿದ ಕೋಳಿ. ಉಪ್ಪು, ಎಣ್ಣೆ, ಮಸಾಲೆ ಏನೂ ಬೇಡ. ಚೂರುಚೂರಾಗಿ ದಿನಕ್ಕೆ ನಾಲ್ಕು ಸಲ. ಇಷ್ಟು ಸಣ್ಣವು ಎರಡು ದಿನ ತಿನ್ನದಿದ್ರೆ ಉಳಿಯಲ್ಲ, ನೆನಪಿರಲಿ.”

ಜಪಮಾಲೆ ಹಿಡಿದಿದ್ದ ದೊಡ್ಡಮ್ಮ, “ರಾಮ ರಾಮ, ಈ ಮನೇಲಿ ಕೋಳಿಯೇ?” ಎಂದು ಎದ್ದು ಒಳಗೆ ಹೋದರು. ನೆಲ ಒರೆಸುವ ಬಟ್ಟೆ ನನ್ನ ಕೈಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಹಿತ್ತಲ ಮೆಟ್ಟಿಲ ಮೇಲೆ ಬೆಳ್ಳಿಯ ಬಟ್ಟಲಿತ್ತು. ಪಕ್ಕದಲ್ಲಿ ಮರಿ ಮಲಗಿತ್ತು. ವೈಜಯಂತಮ್ಮ ನನ್ನನ್ನು ನೋಡದೆ, ಸೀಬೆ ಮರದ ಕಡೆ ನೋಡುತ್ತ, “ಬಟ್ಟಲು ಇಲ್ಲಿಟ್ಟಿದ್ದೀನಿ” ಎಂದರು. ಬಾಗಿಲು ಮುಂದಕ್ಕೆಳೆದುಕೊಂಡು ಒಳಗೆ ಹೋದರು.

ನನಗೆ ಅರ್ಥವಾಯಿತು. ಅಂದೇ ಮಧ್ಯಾಹ್ನ ಸಣ್ಣತಾಯಿಯ ಮುಂದೆ ನಿಂತೆ.

“ನಾಯಿಗಾ? ಅವರ ಮನೆ ನಾಯಿಗೆ ನನ್ನ ಕೋಳಿನಾ? ತಲೆ ಕೆಟ್ಟಿದೆಯೇನೇ ನಿನಗೆ?”

“ಅದು ಹುಷಾರಾಗಿ, ಹೊರಗೆ ಹೋಗೋದು ಕಲಿತರೆ ಪೇಪರ್ ಸಿಗುತ್ತೆ ಸಣ್ಣತಾಯವ್ವ.”

ಅವಳು ನನ್ನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಒಂದು ಹಿಡಿ ಎಳೆ ಮಾಂಸ ಕತ್ತರಿಸಿ ಎಲೆಗೆ ಹಾಕಿದಳು. “ಅವಳು ಎದ್ದಳೋ ಇಲ್ವೋ ಅಂತ ತಿಳ್ಕೊಳಕ್ಕೆ ಕೊಡ್ತಾ ಇದೀನಿ. ನಾಯಿಗಲ್ಲ. ಅದಕ್ಕೂ ಹಂಗೇ ಹೇಳು.”

ದಿನವೂ ಕೊಟ್ಟಳು. ನಮ್ಮ ಮನೆಯ ಮಡಕೆಯಲ್ಲಿ ಅನ್ನದ ಜೊತೆ ಅದನ್ನು ಗಂಜಿಯಾಗುವಷ್ಟು ಬೇಯಿಸಿ, ಡಬ್ಬಿಗೆ ಹಾಕಿಕೊಂಡು ಹೋಗುತ್ತಿದ್ದೆ. ಮೊದಲ ದಿನ ಬೆರಳಲ್ಲಿ ಅದ್ದಿ ನೆಕ್ಕಿಸಿದೆ. ಎರಡನೆಯ ದಿನ ತಾನೇ ಬಟ್ಟಲಿಗೆ ಮೂತಿ ಇಟ್ಟಿತು. ಐದನೆಯ ದಿನ ಮಲ ಗಟ್ಟಿಯಾಯಿತು. ಯಾರದೋ ನಾಯಿಯ ಮಲ ಗಟ್ಟಿಯಾದದ್ದಕ್ಕೆ ಹಿತ್ತಲಲ್ಲಿ ಒಬ್ಬಳೇ ನಿಂತು ನಕ್ಕವಳು ನಾನು!

ತಿಂದ ಹತ್ತು ನಿಮಿಷಕ್ಕೆ ಅದು ನೆಲ ಮೂಸುತ್ತ ಒಂದೇ ಕಡೆ ಗಿರಗಿರನೆ ಸುತ್ತುತ್ತಿತ್ತು. ಅದಕ್ಕಾಗಿ ಕಾದಿದ್ದು, ಸುತ್ತತೊಡಗಿದೊಡನೆ ಎತ್ತಿಕೊಂಡು ಹೋಗಿ ಸೀಬೆ ಮರದ ಬುಡದಲ್ಲಿ, ದಿನವೂ ಅದೇ ಜಾಗದಲ್ಲಿ, ಬಿಡುತ್ತಿದ್ದೆ. ಮುಗಿದ ಮೇಲೆ “ಜಾಣ” ಎಂದು ಕತ್ತು ಕೆರೆಯುತ್ತಿದ್ದೆ. ನಿದ್ದೆಯಿಂದ ಎದ್ದಾಗ, ಆಡಿ ದಣಿದಾಗ, ಮತ್ತೆ ಮರದ ಬುಡ. ಆ ಸುತ್ತುವಿಕೆಗೆ ನಾನು ಅದನ್ನು ಬುಗುರಿ ಎಂದು ಕರೆದೆ. ಪ್ರಿನ್ಸ್ ಎಂದರೆ ಕಿವಿ ಎತ್ತದ ಮರಿ, ಬುಗುರಿ ಎಂದರೆ ಬಂದುಬಿಡುತ್ತಿತ್ತು. ನನ್ನ ಮೊಣಕೈ ಮಡಿಕೆಯಲ್ಲಿ ತಲೆಯಿಟ್ಟು ನಿದ್ದೆ ಹೋಗುತ್ತಿತ್ತು. ಕೆಲಸ ಮುಗಿಸಿ ಕೇರಿಗೆ ನಡೆದು ಬರುವಾಗ ಆ ತೂಕ ಇಲ್ಲದ ತೋಳು ಬೋಳುಬೋಳು ಅನ್ನಿಸುತ್ತಿತ್ತು. ಈಗಲೂ ಕೆಲವು ಸಲ, ಬರೆಯುತ್ತ ಕೂತಿರುವಾಗ, ಎಡ ಮೊಣಕೈಯನ್ನು ಮಡಿಸಿಕೊಂಡೇ ಇರುತ್ತೇನೆ. ಏನನ್ನೋ ಜಾರಬಿಡಬಾರದೆಂಬಂತೆ.

ಒಂದು ಶನಿವಾರ ನಡುಮನೆಯಲ್ಲಿ ಪತ್ರಿಕೆ ಹಾಸಿರಲಿಲ್ಲ. ನಾಲ್ಕು ಕಲ್ಲುಗಳೂ ಹಿತ್ತಲಿಗೆ ಮರಳಿದ್ದವು. ವೈಜಯಂತಮ್ಮ ಮಾತು ಉಳಿಸಿಕೊಂಡಿದ್ದರು. ಮರಿಗೆ ಹಾಸದೆ ಉಳಿದ ಅಷ್ಟೂ ವಾರಗಳ ಪತ್ರಿಕೆಗಳನ್ನು ಸೆಣಬಿನ ದಾರದಲ್ಲಿ ಕಟ್ಟಿ ಗೂಡಿನ ಮೇಲೆ ಇಟ್ಟಿದ್ದರು. ಮೇಲೆಯೇ ಪುರವಣಿ. ಮಡಿಕೆಯಲ್ಲಿ ಮೆಟ್ಟಿಲಿನ ಚಿತ್ರದ ಅರ್ಧ. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಮೆಟ್ಟಿಲ ಮೇಲೆ ಕೂತು ಬುಗುರಿಗೆ ಬಟ್ಟಲಿನಲ್ಲಿ ಗಂಜಿ ಬಡಿಸಿದ್ದೆ. ತಿನ್ನತೊಡಗಿತ್ತು. ದೊಡ್ಡಮ್ಮ ಎಂದೂ ಹಿತ್ತಲಿಗೆ ಬರುತ್ತಿರಲಿಲ್ಲ. ಅವತ್ತು ಬಂದರು. ಮೂಗಿಗೆ ಸೆರಗು ಹಿಡಿದು ಡಬ್ಬಿಯನ್ನು ನೋಡಿದರು.

“ಅದು ಯಾರದು?”

ವೈಜಯಂತಮ್ಮ ಒಳಗಿನಿಂದ ಓಡಿ ಬಂದರು. “ನಮ್ಮದೇ ಗಂಜಿ ಅತ್ತೆ. ನಾನೇ ಬೇಯಿಸಿ ಅವಳ ಡಬ್ಬೀಲಿ ಹಾಕಿಟ್ಟಿದ್ದೆ. ಬರೀ ಅನ್ನ.”

“ನಿನ್ನ ಕೇಳಲಿಲ್ಲ. ಅವಳು ಹೇಳಲಿ.”

ವೈಜಯಂತಮ್ಮ ನನ್ನ ಪಕ್ಕಕ್ಕೆ ಬಗ್ಗಿದರು. ಆ ಮನೆಯಲ್ಲಿ ಅಷ್ಟು ಹತ್ತಿರ ಅವರು ಎಂದೂ ಬಂದಿರಲಿಲ್ಲ. ಪಿಸುಗುಟ್ಟಿದರು. “ಹೌದು ಅಂದ್ಬಿಡೇ. ಒಂದು ಮಾತು. ಕಟ್ಟು ತಗೊಂಡು ಹೋಗು, ಮುಂದಿನ ವಾರದ್ದೂ ನಿಂದೇ.” ಅವರ ದನಿಯಲ್ಲಿ ಆಜ್ಞೆಗಿಂತ ಬೇಡಿಕೆಯೇ ಹೆಚ್ಚಿತ್ತು.

ನಾನು ಗೂಡಿನ ಕಡೆ ನೋಡಿದೆ. ಗಾಳಿಗೆ ಪುರವಣಿಯ ಮೂಲೆ ಎದ್ದೆದ್ದು ಬೀಳುತ್ತಿತ್ತು. ಹೊಂಬಾಳಯ್ಯನವರ ಸುತ್ತಿಗೆ ನೆನಪಾಯಿತು. ಸಣ್ಣತಾಯಿಯ ಹಿಡಿ, ನಮ್ಮ ಮಸಿ ಹಿಡಿದ ಮಡಕೆ ನೆನಪಾಯಿತು. ಒಂದು ಹೌದು ಅಂದಿದ್ದರೆ ಆ ಮಡಕೆ ಇರಲೇ ಇಲ್ಲ ಎಂದಾಗುತ್ತಿತ್ತು. ಆ ಜೀವ ಅದರಿಂದಲೇ ಬದುಕಿತ್ತು.

“ಇಲ್ಲ ದೊಡ್ಡಮ್ಮಾವ್ರೇ” ಎಂದೆ. “ನಮ್ಮ ಮನೆ ಗಂಜಿ. ನಮ್ಮ ಕೇರಿ ಕೋಳಿ. ನಾನೇ ಬೇಯಿಸಿದ್ದು.”

ದೊಡ್ಡಮ್ಮನ ಬಾಯಿಂದ “ಬೆಳ್ಳಿ ಬಟ್ಟಲಲ್ಲಿ...” ಎಂಬುದಷ್ಟೇ ಹೊರಟಿತು. ವೈಜಯಂತಮ್ಮನ ಮುಖದಿಂದ ಬೇಡಿಕೆ ಅಳಿಸಿಹೋಯಿತು. ಕೈ ಚಾಚಿ ಕಟ್ಟನ್ನು ಗೂಡಿನಿಂದ ಎತ್ತಿಕೊಂಡು ಎದೆಗವಚಿಕೊಂಡರು.

“ಬಟ್ಟಲು ಕಿತ್ಕೊ” ಎಂದರು. “ಎದ್ದು ಹೋಗು ಇಲ್ಲಿಂದ.”

ನಾನು ಏಳಲಿಲ್ಲ. ಮರಿ ಇನ್ನೂ ತಿನ್ನುತ್ತಿತ್ತು. ತಿಂದು ಮುಗಿಸಿದ ಮೇಲೆ, ಹತ್ತು ನಿಮಿಷ ಕಾದು, ಅದನ್ನು ಸೀಬೆ ಮರದ ಬುಡಕ್ಕೆ ಕರೆದುಕೊಂಡು ಹೋಗುವುದಿತ್ತು.