ಹಸಿರು ವೈರಿನ ತುದಿ

‘ಟಿಕ್’ ಎಂದಿತು, ಅಷ್ಟೇ. ಮಾನಿಟರ್ ಕಪ್ಪಾಗಿ, ಎರಡು ಸೆಕೆಂಡು ಬಿಟ್ಟು ಮತ್ತೆ ಬೆಳಗಿತು. ರಾತ್ರಿ ಒಂದು ಗಂಟೆ. ಪಠ್ಯಪುಸ್ತಕದ ಪುಟಗಳನ್ನು ಜೋಡಿಸುತ್ತಿದ್ದ ನಾನು ಲ್ಯಾಪ್‌ಟಾಪಿನ ಅಂಚಿಗೆ ಮಣಿಕಟ್ಟು ಊರಿದೆ. ಇರುವೆ ಸಾಲು ಹರಿದಂತೆ ಜುಮ್ಮೆಂದಿತು.

ಹೋಗಿ ಗಂಡನನ್ನು ಎಬ್ಬಿಸಿದೆ. “ಕರೆಂಟ್ ನಿನ್ನ ಮೈಯಲ್ಲೇ ಇದೆ, ಸೈರನ್. ಮಲಗು,” ಎಂದು ಮಗ್ಗುಲು ಬದಲಿಸಿದ.

ಸೈರನ್ ಎಂಬುದು ಅವನು ನನಗಿಟ್ಟ ಹೆಸರು. ಗ್ಯಾಸಿನ ವಾಸನೆ, ಬಾಗಿಲ ಚಿಲಕ, ಮಗಳ ಕೆಮ್ಮು, ಯಾವುದಕ್ಕೂ ಮೊದಲು ಕೂಗುವವಳು ನಾನೇ. ಹೆಚ್ಚಿನ ಸಲ ಏನೂ ಇರುವುದಿಲ್ಲ, ಒಪ್ಪುತ್ತೇನೆ. ಈ ಸಲವಾದರೂ ಇದೆ ಎಂದು ಅವನಿಗೆ ತೋರಿಸಲೇಬೇಕೆಂಬ ಹಟ ಹಿಡಿಯಿತು.

ಬೆಳಿಗ್ಗೆ ಲ್ಯಾಪ್‌ಟಾಪನ್ನು ಅಡುಗೆಮನೆಯ ಸಾಕೆಟ್ಟಿಗೆ ಹಾಕಿದೆ, ಉದ್ದನೆಯ ಎಕ್ಸ್‌ಟೆನ್ಷನ್ ಎಳೆದು ಮಾನಿಟರನ್ನೂ ಅಲ್ಲಿಗೇ ಸೇರಿಸಿದೆ. ಅರ್ಧ ದಿನ ಕೆಲಸ ಮಾಡಿದರೂ ಜುಮ್ಮೆನ್ನಲಿಲ್ಲ, ಪರದೆ ಆರಲಿಲ್ಲ. ಕೋಣೆಗೆ ವಾಪಸು ತಂದದ್ದೇ ತಡ, ಎರಡೂ ಶುರು. ಅಂದರೆ ತಪ್ಪು ಚಾರ್ಜರಿನದಲ್ಲ, ಕೇಬಲ್ಲಿನದಲ್ಲ, ಕೋಣೆಯ ಸಾಕೆಟ್ಟಿನದು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಅಲ್ಲಿಲ್ಲ.

ಆ ಸಾಕೆಟ್ಟನ್ನು ಮೂರು ತಿಂಗಳ ಹಿಂದೆ ಹಾಕಿದ್ದು ನನ್ನ ಮಾವ. ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದವರು.

“ಮಾವ, ಕೋಣೆಯ ಸಾಕೆಟ್ಟಲ್ಲಿ ಅರ್ಥಿಂಗ್ ಸರಿ ಇದೆಯಾ?”

“ಯಾಕಮ್ಮ, ನಾನು ಹಾಕಿದ್ದಲ್ವಾ?” ಎಂದರು, ಅದೇ ಉತ್ತರವೆಂಬಂತೆ. ಭಾನುವಾರ ನಾದಿನಿಯ ಹೊಸ ಅಂಗಡಿಗೆ ವೈರಿಂಗ್ ಮಾಡಲು ಹೊರಡುವವರು, ಸಲಕರಣೆಗಳ ಚೀಲಕ್ಕೆ ಎಣ್ಣೆ ಬಟ್ಟೆ ತುರುಕುತ್ತಿದ್ದರು.

ಸಂಜೆ ಅವರು ವಾಕಿಂಗಿಗೆ ಹೋದಾಗ ಮೇನ್ ಸ್ವಿಚ್ ಆರಿಸಿದೆ. ಟೆಸ್ಟರ್ ಹಚ್ಚಿ ಎರಡೆರಡು ಸಲ ನೋಡಿ, ಸಾಕೆಟ್ಟಿನ ಮುಚ್ಚಳ ಬಿಚ್ಚಿದೆ. ಅರ್ಥಿಂಗಿನ ಹಸಿರು ವೈರು ಅದರ ಜಾಗದಲ್ಲೇ ಇತ್ತು, ಸ್ಕ್ರೂ ಕೂಡ ಬಿಗಿಯಾಗಿತ್ತು. ಆದರೆ ತುದಿಯ ಪ್ಲಾಸ್ಟಿಕ್ಕನ್ನು ಸುಲಿದೇ ಇರಲಿಲ್ಲ. ತಾಮ್ರ ಎಲ್ಲಿಗೂ ತಾಗದಂತೆ, ಸಿಪ್ಪೆಯ ಮೇಲೆಯೇ ಸ್ಕ್ರೂ ತಿರುಗಿಸಿಟ್ಟಿದ್ದರು.

ಸಿಕ್ಕಿತು ಎಂದುಕೊಂಡೆ. ಗಂಡನಿಗೆ ಕಳಿಸಲು ಫೋನಿನಲ್ಲಿ ಫೋಟೋ ತೆಗೆದೆ. ತಿರುಗಿದರೆ ಮಾವ ಬಾಗಿಲಲ್ಲಿ ನಿಂತಿದ್ದರು.

“ಮನೆಯೆಲ್ಲ ಯಾಕೆ ಕತ್ತಲು?” ಎಂದವರು ಗೋಡೆಯ ಹತ್ತಿರ ಬಂದು ಬಗ್ಗಿದರು. ಕನ್ನಡಕ ಏರಿಸಿದರು, ಇಳಿಸಿದರು. ಕೊನೆಗೆ ವೈರನ್ನು ಉಗುರಿನಿಂದ ಮುಟ್ಟಿ ನೋಡಿದರು.

“ಸಿಪ್ಪೆ ತೆಗೆದಿಲ್ಲ,” ಎಂದರು. “ಮಗು ಈ ಮೇಜಿನ ಹತ್ರಾನೇ ಆಡುತ್ತಲ್ವಾ?”

ನಾನು ಫೋನನ್ನು ಮೇಜಿನ ಮೇಲೆ ಕವುಚಿಟ್ಟೆ.

“ಬೇರೆ ಎಲ್ಲಾದರೂ ಹಾಕಿದ್ದೀರಾ, ಮಾವ?”

“ಈ ವರ್ಷ ಇದೊಂದೇ.” ಚೀಲದಿಂದ ಕಟ್ಟರ್ ತೆಗೆದು ನನ್ನ ಕೈಗಿಟ್ಟರು. “ನೀನೇ ಸುಲಿ. ಜೋರಾಗಿ ಒತ್ತಬೇಡ, ಎಳೆ ತುಂಡಾಗುತ್ತೆ.”

ಅವರು ಹೇಳಿದಂತೆ ಸುಲಿದು, ವೈರು ಬಿಗಿದು, ಮುಚ್ಚಳ ಹಾಕಿದೆ. ಮೇನ್ ಹಾಕಿ, ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು, ಸುಮ್ಮನಿತ್ತು.

ಮಾವ ಆಗಲೇ ನಾದಿನಿಗೆ ಫೋನ್ ಮಾಡುತ್ತಿದ್ದರು. “ಸೊಂಟ ಹಿಡ್ಕೊಂಡಿದೆ ಕಣೇ, ಏಳೋಕೇ ಆಗ್ತಿಲ್ಲ. ಅಂಗಡಿಗೆ ಯಾರನ್ನಾದರೂ ಕರೆಸಿಕೋ.” ಹೇಳುವಾಗ ಕಂಬದಂತೆ ನೆಟ್ಟಗೆ ನಿಂತಿದ್ದರು.

ರಾತ್ರಿ ಊಟಕ್ಕೆ ಕೂತಾಗ ಗಂಡ ಕೇಳಿದ, “ಏನಾಯ್ತು ನಿನ್ನ ಕರೆಂಟು?”

ಎದುರಿಗೆ ಮಾವ ತಟ್ಟೆಯಲ್ಲೇ ಕಣ್ಣಿಟ್ಟಿದ್ದರು.

“ಪ್ಲಗ್ ಸಡಿಲ ಇತ್ತು,” ಎಂದೆ.

“ನೋಡಿದ್ಯಾ? ಅಷ್ಟಕ್ಕೇ ನನ್ನ ನಿದ್ದೆ ಕೆಡಿಸಿದೆ.”

ಮೈಯೆಲ್ಲ ಉರಿಯಿತು. ಕೈ ತೊಳೆಯಲು ಎದ್ದು ಹೋಗಿ, ಯಾರಿಗೂ ಹೇಳುವುದು ಬೇಡವೆಂದು ಫೋಟೋವನ್ನು ಅಳಿಸಿದೆ.