ಕೆನ್ನೆಯೊಳಗಿನ ಮಣಿಗಳು

ವೆನಿಸ್ ಬಳಿಯ ಮುರಾನೋ ದ್ವೀಪದ ಆ ಗಾಜಿನ ಕುಲುಮೆಯಲ್ಲಿ ಬಣ್ಣ ಬೆರೆಸುವ ಕೋಣೆ ನೆರಿನಾಳದು. ಹಳದಿಗೊಂದು ಪುಡಿ, ಕೆಂಪಿಗೊಂದು ಪುಡಿ. ಕಿಟಕಿಯ ಬಿಸಿಲಿನಲ್ಲಿ ಅವು ತೇಲಾಡುವುದನ್ನು ನೋಡುತ್ತಿದ್ದರೆ ಅವಳಿಗೆ ಹುಡುಗಿಯಾಗಿದ್ದಾಗಿನಿಂದಲೂ ನಿದ್ದೆ ಹತ್ತಿದಂಥ ಸುಖ. ಯಜಮಾನಿಕೆ ಅವಳ ಅಣ್ಣ ಎರ್ಮೆತೆಯದು.

ಕೆಲಸಗಾರರ ಬಾಯೊಳಗೆ ಸವರಿ, ಅವರ ಮೈಗೆ ಬಣ್ಣದ ಪುಡಿಗಳ ವಿಷ ಎಷ್ಟು ತಾಗಿದೆಯೆಂದು ನೋಡಲು ಡಾಕ್ಟರ್ ಜುದಿತ್ತಾ ದೋಣಿಯಲ್ಲಿ ಬಂದಾಗ ಎರ್ಮೆತೆ ಬಾಗಿಲಲ್ಲೇ ತಡೆದ.

“ನನ್ನ ಬಾಯಿ ಇರೋದು ಗಾಜು ಊದೋಕೆ ಡಾಕ್ಟ್ರೇ, ಪ್ರದರ್ಶನಕ್ಕಲ್ಲ.”

ನೆರಿನಾ ಮಾತ್ರ ಬಾಯಿ ತೆರೆದಳು. ಮೆತ್ತನೆಯ ಬ್ರಷ್ಷು ಕೆನ್ನೆಯ ಒಳಭಾಗವನ್ನು ಸವರಿತು. ಕಚಗುಳಿಯಾಯಿತು, ಅಷ್ಟೇ.

ಕೆಲವು ವಾರಗಳ ನಂತರ ವೆನಿಸ್ಸಿನ ಪ್ರಯೋಗಾಲಯದಲ್ಲಿ ಡಾಕ್ಟರ್ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ತಿಳಿನೀರಲ್ಲಿ ತೇಲುವ ಎಲೆಗಳಂಥ ಜೀವಕೋಶಗಳು. ಒಂದೊಂದರ ನಡುವೆಯೂ ಒಂದು ಕಡುಬಣ್ಣದ ಮಣಿ.

“ಅಬ್ಬಾ, ಎಷ್ಟು ಚೆಂದ! ಇದೆಲ್ಲ ನಾನೇನಾ?”

“ನೀವೇ. ಅಲ್ಲಿ ದೊಡ್ಡ ಮಣಿ ಪಕ್ಕ ಒಂದು ಪುಟಾಣಿ ಮಣಿ ಇದೆಯಲ್ಲ, ಅದು ಇರಬಾರ್ದು. ಕೋಶ ಎರಡಾಗೋವಾಗ ಚೂರಾಗಿ ಹೊರಗುಳಿದದ್ದು. ನಿಮ್ಮಲ್ಲಿ ಅಂಥವು ಜಾಸ್ತಿ.”

“ಕಾಯಿಲೆನಾ?”

“ಅಲ್ಲ. ಹೀಗೇ ಬಿಟ್ರೆ ಬರಬಹುದು ಅನ್ನೋ ಎಚ್ಚರಿಕೆ.”

ವಾಪಸು ಬರುವಾಗ ನೀರಿನ ಮೇಲೆ ಮಂಜು ಕವಿದಿತ್ತು. ದಡದ ಪ್ರತಿ ದೀಪದ ಪಕ್ಕದಲ್ಲೂ ಒಂದು ಮರಿದೀಪ ಕಂಡಂತಾಗಿ ನೆರಿನಾ ಕಣ್ಣುಜ್ಜಿಕೊಂಡಳು. ಇಷ್ಟು ವರ್ಷ ಗಾಜಿಗೆ ಹಾಕಿದ ಬಣ್ಣವೆಲ್ಲ ಸದ್ದಿಲ್ಲದೆ ತನ್ನೊಳಗೂ ಇಳಿಯುತ್ತಿತ್ತೇ?

ಬೆಳಿಗ್ಗೆ ಅವಳು ಬಣ್ಣದ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದಳು.

“ಕೀ ಕೊಡು!” ಎಂದು ಎರ್ಮೆತೆ ಕೈ ಚಾಚಿದ. “ಕೆಂಪು ಗಾಜಿನ ದೀಪಗಳು ಶನಿವಾರ ಹೋಗ್ಬೇಕು.”

“ಕೊಡಲ್ಲ.”

“ತಲೆ ಕೆಟ್ಟಿದೆಯಾ? ಅಪ್ಪ ಎಂಬತ್ತರ ತನಕ ಇದೇ ಕುಲುಮೆಯಲ್ಲಿ ಗುಂಡುಕಲ್ಲಿನ ಹಾಗಿರ್ಲಿಲ್ವಾ?”

“ಅಪ್ಪ ಊದ್ತಿದ್ರು. ಪುಡಿ ಬೆರೆಸ್ತಿದ್ದವಳು ಅಮ್ಮ. ಅವಳು ಎಷ್ಟು ದಿನ ಇದ್ಳು, ಹೇಳಣ್ಣ?”

ಎರ್ಮೆತೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಆ ವಾರವಿಡೀ ಕುಲುಮೆಯಲ್ಲಿ ಬಣ್ಣವಿಲ್ಲದ ಗಾಜನ್ನೇ ಊದಿದರು. ಆಮೇಲೆ ಅವನೇ ಡಾಕ್ಟರ ಬಳಿ ಹೋಗಿ ಬಾಯಿ ತೆರೆದ. ತನ್ನ ಕೋಶಗಳನ್ನೂ ಅವುಗಳ ಪಕ್ಕದ ಪುಟಾಣಿ ಮಣಿಗಳನ್ನೂ ಬಹಳ ಹೊತ್ತು ನೋಡಿ, “ಇದು ನಾನು ಊದಿದ್ದಲ್ಲ” ಎಂದು ಗೊಣಗಿದ.

ಕೋಣೆಗೆ ಧೂಳು ಹೀರುವ ಯಂತ್ರ ಬಂತು, ಎಲ್ಲರ ಮುಖಕ್ಕೂ ಮುಸುಕು ಬಂತು. ಎಲ್ಲಕ್ಕಿಂತ ವಿಷದ ಪುಡಿ ಬೇಕಾಗುವ ಹಳದಿ ಗಾಜನ್ನು ನಿಲ್ಲಿಸಿಯೇಬಿಟ್ಟರು. ಕೆನ್ನೆಯ ಒಳಚರ್ಮ ಕೆಲವು ವಾರಗಳಲ್ಲೇ ಹೊಸದಾಗುತ್ತದಂತೆ. ವಸಂತದಲ್ಲಿ ಮತ್ತೆ ಸವರಿ ನೋಡಿದಾಗ ಇಬ್ಬರಲ್ಲೂ ಪುಟ್ಟ ಮಣಿಗಳು ಕಡಿಮೆಯಾಗಿದ್ದವು.

“ಮೈಯೊಳಗಿನ ಮಿಕ್ಕ ಭಾಗಗಳಿಗೆಲ್ಲ ನಾನು ಮಾತು ಕೊಡಲಾರೆ,” ಎಂದರು ಡಾಕ್ಟರ್. “ವರ್ಷವರ್ಷ ಬರ್ತಾ ಇರಿ.”

“ಬರ್ತೀವಿ,” ಎಂದಳು ನೆರಿನಾ.

ದ್ವೀಪಗಳನ್ನು ಸುತ್ತಿ ಜನರನ್ನು ಇಳಿಸುವ ದೋಣಿಯಲ್ಲಿ ಎರ್ಮೆತೆ ಅವಳ ಭುಜಕ್ಕೊರಗಿ ಮಗುವಿನಂತೆ ನಿದ್ದೆಹೋದ. ಅವರು ಇಳಿಯಬೇಕಾದ ದೋಣಿಕಟ್ಟೆ ಬಂದರೂ ಅವಳು ಎಬ್ಬಿಸಲಿಲ್ಲ. ದೋಣಿ ಮತ್ತೆ ಹೊರಳಿ, ಬೆಳ್ಳಗೆ ಹೊಳೆಯುವ ನೀರಿನ ಮೇಲೆ ಇನ್ನೊಂದು ಸುತ್ತು ಹೊರಟಿತು.